ಶಟರ್‌ಗೆ ಹಚ್ಚಿದ ಎಣ್ಣೆ

ಹಾರನಹಳ್ಳಿ ನಿಂಗಯ್ಯನವರ ಮಗಳು ಸೌಂದರ್ಯಳಿಗೆ,
ಪಿರಿಯಾಪಟ್ಟಣದ ಬೈಕ್ ಸಾಮಾನಿನ ಅಂಗಡಿಯಿಂದ ಸೋಮಶೇಖರ್ ಬರೆಯುತ್ತಿರುವುದು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬೇರೆ ರೀತಿಯಲ್ಲಿ ಮಾತು ಶುರು ಮಾಡಲು ನನಗೆ ಬರುವುದಿಲ್ಲವೆಂದು ನಾಲ್ಕು ವರ್ಷ ನನ್ನಲ್ಲಿ ಮೆಕ್ಯಾನಿಕ್ ಆಗಿದ್ದ ನಿನಗೆ ಗೊತ್ತು. ಇಂಜಿನ್‌ಗೆ ಗಾಳಿ ಎಳೆಯುವ ಏರ್ ಇಂಟೇಕ್ ಕಿಟ್ ಒಂಬತ್ತು ಸಾವಿರದ ಆರುನೂರು. ಕೂರಿಸಿದ ಕೂಲಿ ಐನೂರು. ಕೆಟ್ಟ ಇಂಜಿನ್‌ಗೆ ಹೊಸ ಪಿಸ್ಟನ್, ಸಿಲಿಂಡರ್, ಮೂವತ್ತೆಂಟು ಸಾವಿರ. ಗೂಡ್ಸ್ ಆಟೋದಲ್ಲಿ ಬೈಕ್ ಸಾಗಿಸಿದ್ದು ಎರಡು ಸಾವಿರ. ಒಟ್ಟು ಐವತ್ತು ಸಾವಿರದ ನೂರು. ಇಷ್ಟೂ ದುಡ್ಡು ಹಾಳಾಗಲು ಕಾರಣ ನಾನ್ನೂರೈವತ್ತು ರೂಪಾಯಿಯ ಒಂದು ಎಣ್ಣೆ ಬಾಟಲಿ. ನಿನ್ನ ಕೆಲಸ ಹೋದದ್ದನ್ನು ಇದರಲ್ಲಿ ಸೇರಿಸಿಲ್ಲ. ಅದಕ್ಕೆ ಯಾವ ದರ ಹಾಕಬೇಕೋ ತಿಳಿಯಲಿಲ್ಲ.

ನವೆಂಬರಿನಲ್ಲಿ ಸಾಲಿಗ್ರಾಮದ ಚೇತನ್‌ಕುಮಾರ್ ತನ್ನ ಸ್ಪೋರ್ಟ್ಸ್ ಬೈಕ್ ತಂದು ನಿಲ್ಲಿಸಿದ್ದು ನೆನಪಿದೆಯಲ್ಲ. "ಇಂಜಿನ್‌ಗೆ ಇನ್ನೂ ವಸಿ ಗಾಳಿ ಬೇಕು ಕಣಣ್ಣ. ಪಿಕಪ್ಪೂ ಬರ್ಬೇಕು, ಸೌಂಡೂ ಬರ್ಬೇಕು" ಅಂದ. ನಾನು ಕಿಟ್ ಇಳಿಸಿಕೊಟ್ಟೆ. ನೀನು ಕಂಪನಿಯ ಫಿಲ್ಟರ್ ಡಬ್ಬಿ ಬಿಚ್ಚಿಟ್ಟು, ಹೊಸ ಸ್ಪಂಜಿನ ಫಿಲ್ಟರನ್ನು ಕೈಯಲ್ಲಿ ಹಿಡಿದು, ಖಾಲಿ ಬಾಕ್ಸನ್ನು ಎರಡು ಸಲ ಬೋರಲು ಹಾಕಿ ಕೊಡವಿದೆ.

"ಸೋಮಣ್ಣ, ಇದ್ರ ಜೊತೆ ಎಣ್ಣೆ ಬಾಟ್ಲು ಬರ್ಬೇಕಲ್ಲ? ಒಣ ಸ್ಪಂಜು ಹಾಕಿದ್ರೆ ಧೂಳು ಸೀದಾ ಒಳಕ್ಕೋಯ್ತದೆ. ಎಣ್ಣೆ ಇದ್ರೆ ಅಲ್ಲೇ ಅಂಟ್ಕೊತದೆ."

ಬಾಟಲಿ ಆಗ ನನ್ನ ಕೌಂಟರಿನ ಕೆಳಗಿತ್ತು. ಬೇರೆಯಾಗಿ ಮಾರೋಣವೆಂದು ಬಾಕ್ಸ್ ಬಂದ ದಿನವೇ ತೆಗೆದಿಟ್ಟಿದ್ದೆ. "ಈ ಮಾಡೆಲ್‌ಗೆ ಬರಲ್ಲ ಕಣವ್ವ. ಅದೆಲ್ಲಾ ಕಂಪನಿಯೋರ ಆಟ. ಹಾಕು, ಹಾಕು, ಕಸ್ಟಮರ್ ಕಾಯ್ತಾವ್ನೆ" ಅಂದೆ. ನೀನು ನನ್ನ ಮುಖ ನೋಡಿದೆ. ಆಮೇಲೆ ಕೌಂಟರ್ ಕಡೆ ನೋಡಿದೆ. ಒಣ ಸ್ಪಂಜನ್ನೇ ಹಾಕಿದೆ. ನಿನಗೆ ಗೊತ್ತಿತ್ತು ಎಂದೇ ನನ್ನ ಎಣಿಕೆ.

ಆಮೇಲೆ ರಾಗಿ ಒಕ್ಕಣೆ ಬಂತು. ನಮ್ಮ ಕಡೆ ಟಾರು ರಸ್ತೆಯೇ ಕಣ. ತೆನೆ ಹರಡಿದರೆ ಸಾಕು, ಬಸ್ಸು ಲಾರಿಗಳು ಪುಕ್ಕಟೆ ತುಳಿದುಕೊಟ್ಟು ಹೋಗುತ್ತವೆ. ಚೇತನ್ ದಿನಕ್ಕೆರಡು ಸಲ ಆ ಹೊಟ್ಟು ಧೂಳಿನೊಳಗೇ ಓಡಾಡಿದ. ಸಂಕ್ರಾಂತಿ ಕಳೆದ ವಾರ ಅವನ ಬೈಕ್ ಹೊಗೆ ಕಾರುತ್ತಾ ಗೂಡ್ಸ್ ಆಟೋ ಏರಿತು. ಬಿಚ್ಚಿ ನೋಡಿದರೆ ಸಿಲಿಂಡರ್ ಒಳಗೆಲ್ಲ ಗೀರು.

ಅವನು ಅಂಗಡಿ ಮುಂದೆ ನಿಂತು ಕೂಗಾಡಿದಾಗ ಪಕ್ಕದ ಟೀ ಅಂಗಡಿಯಲ್ಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ಬಂದರು. "ಯಾರ್ರೀ ಫಿಟ್ ಮಾಡಿದ್ದು?" ಅಂದ. ನಾನು ಅಂದ ಮಾತನ್ನು ಇಲ್ಲಿ ಇದ್ದಂತೆಯೇ ಬರೆಯುತ್ತೇನೆ: "ಗಾಳಿ ಪೈಪಿನ ಕ್ಲಿಪ್ ಸರಿಯಾಗಿ ಬಿಗ್ದಿಲ್ಲ ಕಣಪ್ಪ. ಹೆಣ್ಣುಮಗಳು, ಕೈಲಿ ಅಷ್ಟು ಬಲ ಎಲ್ಲಿಂದ ಬರ್ಬೇಕು?"

ಮೂವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಯಾವ ಮಾತು ಚೌಕಾಸಿಯಿಲ್ಲದೆ ಬಿಕರಿಯಾಗುತ್ತದೆ ಅಂತ ಗೊತ್ತಿದ್ದೇ ಆಡಿದೆ. ಅಲ್ಲೇ ಒಬ್ಬ, "ಸ್ಪ್ಯಾನರ್ ಹಿಡಿಯೋ ಕೈಯೇನ್ಲಾ ಅದು?" ಅಂದ. ಇಬ್ಬರು ಗಂಡಸರು ಕೈಬಿಟ್ಟ ತುಕ್ಕು ಬೋಲ್ಟನ್ನು ನೀನು ಬಿಚ್ಚಿದ್ದನ್ನು ನೋಡಿದವನು ನಾನು, ಸುಮ್ಮನೆ ನಿಂತೆ. ನೀನು ಕೈ ಒರೆಸಿಕೊಂಡು, "ಕ್ಲಿಪ್ ಬಿಗಿಯಾಗೇ ಇತ್ತು ಸೋಮಣ್ಣ" ಅಂದೆ. ಅಷ್ಟೇ. ಬಾಟಲಿಯ ಮಾತೆತ್ತಲಿಲ್ಲ. ಎತ್ತಿದ್ದರೆ ಅಲ್ಲೇ ನನ್ನ ಕಥೆ ಮುಗಿಯುತ್ತಿತ್ತು. ನೀನು ಏಪ್ರನ್ ಬಿಚ್ಚಿ ಕೌಂಟರ್ ಮೇಲಿಟ್ಟು ಹೊರಟೆ. ಚೇತನ್‌ಗೂ ನಾನು ಕಾಸು ಬಿಚ್ಚಲಿಲ್ಲ. ತಪ್ಪು ಮಾಡಿದವಳೇ ಹೋದಳಲ್ಲ ಅಂದೆ.

ಇನ್ನೊಂದು ನಿನಗೆ ಗೊತ್ತಿಲ್ಲ. ನೀನು ಹುಣಸೂರಿನ ಲಿಂಗರಾಜು ಗ್ಯಾರೇಜಿನಲ್ಲಿ ಕೆಲಸ ಕೇಳಿದಾಗ ಅವರು ನನಗೆ ಫೋನ್ ಮಾಡಿದ್ದರು. "ಆ ಹುಡ್ಗಿ ಹೆಂಗೆ ಸೋಮಣ್ಣ?" ಅಂದರು. "ಭಾರಿ ಒಳ್ಳೇವ್ಳು, ಆದ್ರೆ..." ಅಂದು ನಿಲ್ಲಿಸಿದೆ. ಉಳಿದದ್ದನ್ನು ಅವರೇ ತುಂಬಿಕೊಂಡರು. ಮುಂದೆ ಒಂದು ದಿನ ಸಂತೆಯಲ್ಲಿ ನಿನ್ನ ತಾಯಿ ಸುನಂದಮ್ಮ ನನ್ನ ಹೆಂಡತಿ ಶಾಂಭವಿಗೆ ಸಿಕ್ಕಿದ್ದರಂತೆ. "ಕೋಟೇಲಿ ಗಾಡಿ ತೊಳ್ಯೋ ಶೆಡ್ಡಲ್ಲವ್ಳೆ ಕಣಕ್ಕ. ಸ್ಪ್ಯಾನರ್ ಮುಟ್ಟಕ್ಕೆ ಬುಡಲ್ವಂತೆ" ಅಂದರಂತೆ. ಅವತ್ತು ಶಾಂಭವಿ ತಟ್ಟೆ ನನ್ನ ಮುಂದಿಟ್ಟು ಒಳಕ್ಕೆ ಹೋದಳು.

ಆ ಬಾಟಲಿ ಕೊನೆಗೂ ಮಾರಾಟವಾಗಲಿಲ್ಲ. ನೀನು ಹೋದಮೇಲೆ ಅಂಗಡಿಯ ಶಟರ್ ಕಿರುಗುಟ್ಟತೊಡಗಿತು. ಅದಕ್ಕೆ ಎಣ್ಣೆ ಬಿಡುತ್ತಿದ್ದವಳೂ ನೀನೇ ಎಂದು ಆಗ ತಿಳಿಯಿತು. ವ್ಯರ್ಥ ಯಾಕೆಂದು ಅದೇ ಬಾಟಲಿಯನ್ನು ಶಟರಿನ ಎರಡೂ ಕಂಬಿಗಳಿಗೆ ಸುರಿದೆ. ಹದಿನೆಂಟು ದಿನ ಸದ್ದಿಲ್ಲದೆ ಏರಿತು, ಇಳಿಯಿತು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಬಗ್ಗಿ ಕಂಬಿಯನ್ನು ಉಗುರಿನಿಂದ ಕೆರೆದೆ. ಕಪ್ಪಗೆ ಮೇಣದ ಹಾಗೆ ಬಂತು. ಬಿಡಿಸಿ ನೋಡಿದರೆ ರಾಗಿ ಹೊಟ್ಟು, ರಸ್ತೆಯ ಮಣ್ಣು. ಹುಲ್ಲು ಹೇರಿಕೊಂಡು ಹೋದ ಟ್ರ್ಯಾಕ್ಟರುಗಳ ಧೂಳನ್ನೆಲ್ಲ ಆ ಎಣ್ಣೆ ಒಂದು ಕಣವೂ ಬಿಡದಂತೆ ಹಿಡಿದಿಟ್ಟಿತ್ತು. ಚೇತನ್‌ನ ಸ್ಪಂಜಿನಲ್ಲಿ ನಿಲ್ಲಬೇಕಾಗಿದ್ದದ್ದು ನನ್ನ ಬೆರಳಿನ ಮೇಲಿತ್ತು. ಕಂಪನಿಯವರ ಆಟ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದು ಅಲ್ಲಿಗೆ ಮುಗಿಯಿತು. ಅರ್ಧ ಎದ್ದ ಶಟರಿನ ಕೆಳಗೆ ತೂರಿ ಒಳಗೆ ಹೋಗಿ, ನಿನ್ನ ಏಪ್ರನ್ ಮಡಿಸಿಟ್ಟಿದ್ದ ಜಾಗದ ಮುಂದೆ ಕುಳಿತೆ.

ಮಾರನೆಯ ದಿನ ಸಾಲಿಗ್ರಾಮಕ್ಕೆ ಹೋದೆ. ಚೇತನ್‌ಗೆ, ಅವನ ತಂದೆ ನಂಜಣ್ಣನವರ ಎದುರೇ, ಎಲ್ಲ ಹೇಳಿ ಇಂಜಿನ್ ದುಡ್ಡು ಇಟ್ಟೆ. ನಂಜಣ್ಣ, "ನಾನ್ನೂರೈವತ್ತಕ್ಕೆ ಒಂದ್ ಹೆಣ್ಣಿನ ಹೆಸ್ರು ಮಾರಿದ್ರಾ?" ಅಂದರು. ಚೇತನ್ ದುಡ್ಡು ಎಣಿಸಿಕೊಂಡು, "ಇಂಜಿನ್ನ ಸೌಂದರ್ಯ ಅವ್ರೇ ಕಟ್ಲಿ. ನೀವು ಕೈ ಹಾಕ್ಬೇಡಿ" ಅಂದ. ವಾಪಸ್ ಬಂದು ಟೀ ಅಂಗಡಿಯಲ್ಲಿ, ಅದೇ ಜನ ಸೇರುವ ಹೊತ್ತಿಗೆ ನಿಂತು, ಕ್ಲಿಪ್ ಬಿಗಿಯಾಗೇ ಇತ್ತು ಎಂದೆ, ಬಾಟಲಿ ನಾನು ತೆಗೆದಿಟ್ಟಿದ್ದು ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು. ಲಿಂಗರಾಜುಗೆ ಫೋನ್ ಮಾಡಿ ಅವತ್ತು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಪೂರ್ತಿ ಮಾಡಿದೆ. ಅವರು, "ಸೋಮವಾರದಿಂದ್ಲೇ ಬರ್ಲಿ" ಅಂದರು.

ನಮ್ಮ ಅಂಗಡಿಗೆ ವಾಪಸ್ ಬಾ ಎಂದು ಕೇಳುವ ಮುಖ ನನಗಿಲ್ಲ. ಹುಣಸೂರಿಗೆ ಹೋಗು. ಈ ಪತ್ರದ ಜೊತೆ ನೀನು ಬಿಟ್ಟುಹೋದ ಟಿ-ಸ್ಪ್ಯಾನರ್, ಏಪ್ರನ್, ಬೆಲೆ ಕೊಟ್ಟು ತರಿಸಿದ ಹೊಸ ಎಣ್ಣೆ ಬಾಟಲಿ ಇವೆ. ಏಪ್ರನ್ ಶಾಂಭವಿ ಒಗೆದದ್ದು. ನನ್ನನ್ನು ಕ್ಷಮಿಸುವುದು ಬಿಡುವುದು ನಿನ್ನಿಷ್ಟ, ಅದಕ್ಕೆ ಗಡುವು ಹಾಕುವುದಿಲ್ಲ. ನಿನ್ನ ಕೈ ಮುಟ್ಟಿದ ಯಾವ ಗಾಡಿಯೂ ದಾರಿಯಲ್ಲಿ ನಿಲ್ಲದಿರಲಿ ತಾಯಿ.

ಇನ್ನು ಯಾರಿಗೇನು ಸಿಕ್ಕಿತು ಎಂಬ ಲೆಕ್ಕ. ಚೇತನ್‌ಗೆ ಇಂಜಿನ್ ದುಡ್ಡು. ಲಿಂಗರಾಜುಗೆ, ನೀನು ಒಪ್ಪಿದರೆ, ಪಳಗಿದ ಕೈ. ಟೀ ಅಂಗಡಿಯವರಿಗೆ ಒಂದು ವಾರದ ಮಾತು. ನನಗೆ ಹದಿನೆಂಟು ದಿನ ಸದ್ದಿಲ್ಲದ ಶಟರ್. ನಿನಗೆ ಮೊದಲೇ ನಿನ್ನದಾಗಿದ್ದ ಹೆಸರು. ಅದಕ್ಕಿಂತ ಮೇಲೆ ಏನೂ ಇಲ್ಲ.

ಇಂತಿ, ಅಣ್ಣ ಎಂದು ಕರೆಸಿಕೊಂಡಿದ್ದ
ಸೋಮಶೇಖರ್