ಕಚ್ಚಿನ ಎದುರಂಚು

ಅಪ್ಪಾ,

ಇವತ್ತು ನಮ್ಮ ಹಳೆ ನಾಣ್ಯದಂಗಡಿಗೆ ಒಬ್ಬ ಟೀಚರು ಅಂಚಿನಲ್ಲಿ ಕಚ್ಚು ಬಿದ್ದ ನಾಣ್ಯ ತಂದಿದ್ದರು.

"ಯಾರೋ ಕತ್ತರಿಸಿರ್ಬೇಕು, ಅಲ್ವಾ?"

ನಾನು ನಿನ್ನ ಹಾಗೆ ಕಚ್ಚನ್ನು ಬಿಟ್ಟು ಅದರ ಎದುರಂಚು ನೋಡಿದೆ. ಅಲ್ಲಿ ಅಚ್ಚು ಮಾಸಿತ್ತು. ಅಚ್ಚೊತ್ತುವ ಮೊದಲೇ ಖಾಲಿ ಬಿಲ್ಲೆಗೆ ಕಚ್ಚು ಬಿದ್ದಿದ್ದರೆ ಮಾತ್ರ ಹಾಗಾಗುತ್ತದೆ. ಆಮೇಲೆ ಕತ್ತರಿಸಿದರೆ ಆಗದು.

"ಟಂಕಸಾಲೆಯಲ್ಲೇ ಆದ ತಪ್ಪು ಮೇಡಂ, ಜೋಪಾನವಾಗಿಟ್ಕೊಳ್ಳಿ" ಎಂದೆ. ಎಂಥ ಪಾಠ ನಿನ್ನದು!

ಅವರು ಹೋದ ಮೇಲೆ, ನೀನು ತೀರಿಹೋದಾಗಿನಿಂದ ಮುಟ್ಟದ ಗುಜರಿ ಡಬ್ಬ ತೆಗೆದೆ. ಹಿಂದೊಮ್ಮೆ ಗಿರಾಕಿಗಳೆದುರೇ "ಇದ್ಯಾರೋ ಕಡಿದಿದ್ದು, ನಿಂಗೆ ಕಣ್ಣು ಕಾಣಲ್ವಾ?" ಎಂದು ನಾನು ಅದರೊಳಗೆ ಎಸೆದಿದ್ದ, ಇಂಥದೇ ಕಚ್ಚಿನ ನಿನ್ನ ನಾಣ್ಯ ಅಲ್ಲೇ ಇತ್ತು. ಅವತ್ತು ನೀನು ನಕ್ಕು ಗಿರಾಕಿಗಳ ಕಡೆ ತಿರುಗಿದ್ದೆ. ಈಗ ಅದಕ್ಕೊಂದು ಚೀಟಿ ಸುತ್ತಿತ್ತು, ನಿನ್ನದೇ ಅಕ್ಷರ: "ಮಾರುವುದಿಲ್ಲ. ಮಗಳು ಒಂದಿನ ಎದುರಂಚು ನೋಡ್ತಾಳೆ."

ನೋಡಿದೆ ಅಪ್ಪಾ. ಮಾಸಿದೆ.