ಎಲ್ಲರೂ ಒಟ್ಟಿಗೆ ತೂಗಿಸಿಕೊಂಡದ್ದು

ಅಕ್ಟೋಬರ್ 5, ಶನಿವಾರ

ಇವತ್ತು ಹನ್ನೊಂದು ಜನರ ಬಿ.ಪಿ. ನೋಡಿದೆ. ಫಾರ್ಮು ತುಂಬಿಸಿ ಕೈ ಬಿದ್ದುಹೋಯಿತು. ನಾಳೆ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಅಲ್ಲಿನ ಹಾಲ್‌ನಲ್ಲೇ ಎಲ್ಲರ ತೂಕ ನೋಡುವುದು. ಜನರ ಬೊಜ್ಜು ಇಳಿಸಲು ಕ್ಯಾನ್ಸಸ್‌ನ ಮೂರು ಕೌಂಟಿಗಳ ಆಸ್ಪತ್ರೆ, ಶಾಲೆ, ಚರ್ಚು ಸೇರಿ ಕೂಟ ಕಟ್ಟಿವೆ. ನಮ್ಮ ಕೌಂಟಿಗೆ ನರ್ಸು ನಾನೊಬ್ಬಳೇ.

ನನ್ನ ಸ್ವಂತ ಅಕ್ಕ ಆಲ್ಬೀನ ಬರುತ್ತೇನೆ ಎಂದಿದ್ದಾಳೆ! ಹತ್ತು ವರ್ಷದಿಂದ ನಾನಿರುವ ಕ್ಲಿನಿಕ್ಕಿನ ಕಡೆ ತಲೆ ಹಾಕಿಲ್ಲ. ಅಲ್ಲಿ ತೂಕದ ಮಷೀನು ಕಾರಿಡಾರಿನಲ್ಲೇ ಇದೆ, ಊರೆಲ್ಲ ನೋಡುತ್ತದೆ ಅಂತ. ಅಮ್ಮನ ಕಾಲನ್ನು ಸಕ್ಕರೆ ಕಾಯಿಲೆ ತಿಂದಿತು. ಈಗ ಅಕ್ಕನೂ ಪಾದ ಜೋಮು ಅನ್ನುತ್ತಾಳೆ. ಭಯ ನನಗೆ.

ಅಕ್ಟೋಬರ್ 6, ಭಾನುವಾರ

ಹಾಳಾಯಿತು. ಎಲ್ಲ ಹಾಳಾಯಿತು.

ತೂಕ ನೋಡಲು ನಮ್ಮೂರ ಎಮಿಲಣ್ಣನನ್ನು ಕೂರಿಸಿದ್ದು ನನ್ನದೇ ತಪ್ಪು. ನಲವತ್ತು ವರ್ಷ ಗೋಧಿ ಗೋದಾಮಿನಲ್ಲಿ ಲಾರಿ ತೂಗಿದವನು. ಅಕ್ಕ ಮೊದಲು ಹತ್ತಿದಳು. ಅವನು ಅಭ್ಯಾಸಬಲದಿಂದ ಗಂಟಲು ಹರಿಯುವಂತೆ ಕೂಗಿದ —

"ಇನ್ನೂರ ನಲವತ್ತಾರು ಪೌಂಡು! ಮುಂದಿನ ಗಾಡಿ!"

ಕಾಫಿ, ಕೊಲಾಚ್ ಬನ್ನು ಹಿಡಿದ ಐವತ್ತು ಜನ ತಿರುಗಿ ನೋಡಿದರು. ಅಕ್ಕ ಕೋಟು ತೆಗೆದುಕೊಂಡು ಹೊರಟೇಹೋದಳು. ಸಾಲೂ ಕರಗಿತು. ಎಮಿಲಣ್ಣನ ಮುಖ ಬಿಳಿಚಿಕೊಂಡಿತ್ತು. "ನನ್ನ ಬಾಯಿಗೆ ಬೆಂಕಿ ಬೀಳ್ಲಿ, ಮಿಲ್ಲಿ..." ಅಂದ ನನ್ನ ಕಡೆ ತಿರುಗಿ.

ಬೀಳಲಿ ಅಂತಲೇ ಅನ್ನಿಸಿತು ನನಗೂ.

ಅಕ್ಟೋಬರ್ 17, ಗುರುವಾರ

ಅಕ್ಕ ಫೋನ್ ಎತ್ತುತ್ತಿಲ್ಲ. ಹನ್ನೊಂದು ದಿನ.

ಎಮಿಲಣ್ಣ ಬಂದಿದ್ದ. ಟೋಪಿ ಕೈಯಲ್ಲಿ. "ಕೂಟದವ್ರಿಗೆ ಒಬ್ಬೊಬ್ರ ತೂಕ ಬೇಕಾ, ಒಟ್ಟು ತೂಕ ಬೇಕಾ?" ಒಟ್ಟು ಸಾಕು, ವಸಂತದಲ್ಲಿ ಮತ್ತೊಮ್ಮೆ ತೂಗಿ ಎಷ್ಟು ಇಳಿಯಿತೆಂದು ನೋಡುತ್ತಾರೆ ಎಂದೆ. "ಹಾಗಾದ್ರೆ ಎಲ್ಲರೂ ಒಟ್ಟಿಗೆ ಗೋದಾಮಿನ ಲಾರಿ ತೂಗೋ ಕಾಟಾದ ಮೇಲೆ ನಿಂತ್ಕೊಳ್ಲಿ ಬಿಡು. ಯಾರ್ದು ಎಷ್ಟು ಅಂತ ದೇವರಿಗೂ ಗೊತ್ತಾಗಲ್ಲ."

ನನಗೇಕೆ ಹೊಳೆಯಲಿಲ್ಲ ಇದು!

ಅಕ್ಟೋಬರ್ 20, ಭಾನುವಾರ

ಐವತ್ತೇಳು ಜನ ಕಾಟಾದ ಮೇಲೆ, ಕ್ಯಾನ್ಸಸ್‌ನ ಗಾಳಿಗೆ ಒಬ್ಬರಿಗೊಬ್ಬರು ಅಂಟಿಕೊಂಡು. ಪಾದ್ರಿಯೂ ಇದ್ದರು. ಅಕ್ಕ ಬಂದಳು, ಆದರೆ ದೂರ ನಿಂತಳು. "ನಾನು ನೋಡೋಕೆ ಬಂದಿದ್ದು ಅಷ್ಟೆ."

ಎಮಿಲಣ್ಣ ಅವಳಿಗೆ ಎದುರಾಗಿ ನಿಂತು ಕೂಗಿದ. "ನಂದು ಮುನ್ನೂರ ಹನ್ನೆರಡು! ಎಲ್ರೂ ಕೇಳಿಸ್ಕೊಳ್ಳಿ!" ಆಮೇಲೆ ಮೆಲ್ಲಗೆ, "ತಪ್ಪಾಯ್ತು ಕಣಮ್ಮ."

"ಮುನ್ನೂರ ಹನ್ನೆರಡಾ? ಲಾರಿ ನಾನೋ ನೀನೋ?" ಅಕ್ಕ ನಕ್ಕೇಬಿಟ್ಟಳು. ಕಾಟಾ ಹತ್ತಿ ನನ್ನ ಪಕ್ಕಕ್ಕೆ ಬಂದಳು. ಒಟ್ಟು ಹನ್ನೆರಡು ಸಾವಿರದ ಮುನ್ನೂರ ನಲವತ್ತು ಪೌಂಡು. ಎಲ್ಲರೂ ಚಪ್ಪಾಳೆ ಹೊಡೆದರು, ಏನೋ ಗೆದ್ದವರ ಹಾಗೆ.

ಇಳಿಯುವಾಗ ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು — "ಸಕ್ಕರೆ ಪರೀಕ್ಷೆ ಮಾಡಿಸ್ಬೇಕು ಅಂದ್ರೆ ಆ ಮಷೀನು ಹತ್ಲೇಬೇಕೇನೇ?"

"ಇಲ್ಲ ಅಕ್ಕ. ಬೇಡ ಅಂದ್ರೆ ಆಯ್ತು, ಬಿಟ್ಬಿಡ್ತೀವಿ."

ಹತ್ತು ವರ್ಷದಲ್ಲಿ ಯಾರೂ ಅವಳಿಗೆ ಇದನ್ನು ಹೇಳಿಲ್ಲ. ನಾನೂ ಹೇಳಿಲ್ಲ, ನರ್ಸು ಅಂತೆ ನಾನು! ನಾಚಿಕೆಯಾಯಿತು.

ಅಕ್ಟೋಬರ್ 22, ಮಂಗಳವಾರ, ಸಂಜೆ 4

ಕ್ಲಿನಿಕ್ಕಿನಲ್ಲೇ ಕೂತು ಬರೆಯುತ್ತಿದ್ದೇನೆ.

ಅಕ್ಕನ ಸಕ್ಕರೆ ಗಡಿಯಲ್ಲಿದೆ. ದಾಟಿಲ್ಲ. ಡಾಕ್ಟರು ಎರಡು ಸಲ ಹೇಳಿದರು, ದಾಟಿಲ್ಲ ಅಂತ. ಜೋಮು ಬಂದದ್ದು ಬಿಗಿ ಬೂಟಿನಿಂದಂತೆ.

ಪಾದ ನೋಡಿದ್ದು ನಾನೇ. ಕಣ್ಣು ಮುಚ್ಚಿಸಿ ಒಂದೊಂದೇ ಬೆರಳಿಗೆ ನೈಲಾನ್ ಎಳೆ ತಾಗಿಸಿದೆ, ಗೊತ್ತಾದರೆ ಹೂಂ ಅನ್ನಬೇಕು. ಹಿಂದೆ ಇದೇ ಪರೀಕ್ಷೆಯಲ್ಲಿ ಅಮ್ಮ ಮೂರು ಬೆರಳಿಗಷ್ಟೇ ಹೂಂ ಅಂದಿದ್ದಳು, ಮಿಕ್ಕವಕ್ಕೆ ಸ್ಪರ್ಶವೇ ಇರಲಿಲ್ಲ. ಅಕ್ಕ ನಾಲ್ಕನೆಯದಕ್ಕೂ ಹೂಂ ಅಂದಳು. ಐದು, ಆರು... ಒಂಬತ್ತು. ಹತ್ತನೆಯದಕ್ಕೆ ಕಾಲು ಜಾಡಿಸಿ ಬೈದಳು, "ಸಾಕು ಬಿಡೇ, ಕಚಗುಳಿ ಆಗತ್ತೆ!"

ಆ ಕಾಲನ್ನು ಹಿಡಿದುಕೊಂಡೇ ಅತ್ತುಬಿಟ್ಟೆ. "ಏನಾಯ್ತೇ? ಕೆಟ್ಟದಾ?" ಅಂತ ಅವಳಿಗೆ ಗಾಬರಿ. ಇಲ್ಲ ಅಕ್ಕ, ಇಲ್ಲ...

ಹೊರಗೆ ಕಾರಿನಲ್ಲಿ ಹಾರ್ನ್ ಒತ್ತುತ್ತಿದ್ದಾಳೆ. ಹೊಸ ಬೂಟು ತರಬೇಕಂತೆ, ಅಂಗಡಿ ಐದಕ್ಕೇ ಮುಚ್ಚುತ್ತದೆ. ಬಂದೆ ಅಕ್ಕ!