ಡೇಟನ್ನಿಗೆ ಒಲ್ಲೆ ಅಂದ ಸೋದರಮಾವನಿಗೆ

ಅಣ್ಣಾ,

‘ತೀರ್ಥರೂಪ ಸಮಾನ’ ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಕಾಣುತ್ತಿರಬೇಕು. ಜಲನಗರದಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳಲು ಸದ್ಯಕ್ಕೆ ಮನಸ್ಸಿಲ್ಲ. ಫೋನಿನಲ್ಲಿ ನನ್ನ ಮಾತು ಮುಗಿಯಲು ನೀನು ಬಿಡುವುದಿಲ್ಲ. ಕಾಗದದ ನಡುವೆ ಬಾಯಿ ಹಾಕಲು ನಿನಗೂ ಬರುವುದಿಲ್ಲ.

ಗೊತ್ತಿರಲಿಲ್ಲ ಅನ್ನಬಾರದು ನೋಡು, ಅದಕ್ಕೆ ಮೊದಲಿನಿಂದ ಹೇಳುತ್ತೇನೆ. ನನ್ನ ಮಗಳು ಗಂಗಾಂಬಿಕಾಳಿಗೆ ಅಮೆರಿಕದಲ್ಲಿ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಚಿಕಾಗೊದಲ್ಲಿ, ಕಂಪ್ಯೂಟರಿನದು. ಇನ್ನೊಂದು ಡೇಟನ್ ಎಂಬ ಊರಿನಲ್ಲಿ, ಅಂತರ್ಜಲದ ಓದು. ಅವಳಿಗೆ ಬೇಕಾದದ್ದು ಡೇಟನ್. ನಿನ್ನ ಮುಂದೆಯೇ ಹೇಳಿದ್ದಳು, ನಮ್ಮ ಅಡುಗೆಮನೆಯಲ್ಲಿ, ನೀನು ಎರಡನೇ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿಕೊಳ್ಳುತ್ತಿದ್ದಾಗ.

ಆಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. “ಡೇಟನ್ ಅಂದ್ರ ಏನ ಬೇ ವಿದ್ಯಾ? ಪಂಪಿನ ಕಂಪನಿ ಹೆಸರಿದ್ದಂಗ ಐತಿ. ಚಿಕಾಗೊ ಅನ್ನು, ಬಬಲೇಶ್ವರದ ಸಂತ್ಯಾಗ ಕುಂತವರಿಗೂ ತಿಳಿತೈತಿ. ನಾಳೆ ಮಂದಿ ಕೇಳಿದ್ರ ಏನಂತ ಹೇಳ್ಲಿ?”

ಮಂದಿ ಕೇಳಿದರೆ! ಬೆಂಗಳೂರಿನಲ್ಲಿ ಒಬ್ಬರ ಮದುವೆಯಲ್ಲಿ ‘ಯಾವ ವಿಜಯಪುರ, ದೇವನಹಳ್ಳಿ ಹತ್ತಿರದ್ದೇ?’ ಎಂದು ಕೇಳಿದವನ ಮೇಲೆ ಸಿಟ್ಟಾಗಿ ಊಟದ ಎಲೆ ಬಿಟ್ಟು ಎದ್ದವನು ನೀನು. ಗೋಳಗುಮ್ಮಟದ ಊರನ್ನು ಗುರುತಿಸದವನು ಮನುಷ್ಯನೇ ಅಲ್ಲ ಅಂದಿದ್ದೆ. ಈಗ ಡೇಟನ್ನಿನವರೂ ಎಲೆ ಬಿಟ್ಟು ಏಳಬೇಕಲ್ಲವೇ? ಡೇಟನ್ ದೊಡ್ಡದೂ ಅಲ್ಲ ಸಣ್ಣದೂ ಅಲ್ಲ, ಬಸ್ಸುಗಳು ಓಡಾಡುತ್ತವೆ, ಆಸ್ಪತ್ರೆ ಇದೆ, ರಾತ್ರಿ ಹೊತ್ತಿಗೆ ಊರು ಮಲಗುತ್ತದೆ. ನಮ್ಮಂಥದೇ ಊರು. ಅಂಥ ಊರಿನಲ್ಲಿ ಹುಟ್ಟಿ ಅಂಥ ಊರಿಗೆ ಮೂಗು ಮುರಿಯುವವರಲ್ಲಿ ನಿನ್ನೊಬ್ಬನನ್ನೇ ಕಂಡೆ.

ಮೂಗು ಮುರಿದು ಸುಮ್ಮನಿದ್ದಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಆದರೆ ನೀನು “ತಾ, ನೋಡಿ ಕೊಡ್ತೀನಿ” ಎಂದು ಹುಡುಗಿಯ ಕಾಲೇಜು ಅರ್ಜಿಯ ಪಾಸ್‌ವರ್ಡ್ ಇಸಕೊಂಡೆ. ಮಾಮಾ ಅಂತ ನಂಬಿ ಕೊಟ್ಟಳು. ಸೊಲ್ಲಾಪುರ ರಸ್ತೆಯ ನಿನ್ನ ಪಂಪಿನ ಅಂಗಡಿಯಲ್ಲಿ ಕುಳಿತು, ಡೇಟನ್ನಿಗೆ ‘ಬರುವುದಿಲ್ಲ’ ಎಂದು ಒತ್ತಿಬಿಟ್ಟೆ. ಅವಳ ಹೆಸರಿನಲ್ಲಿ, ಅವಳನ್ನು ಕೇಳದೆ.

ಯಾಕೆ ಎಂದು ಫೋನು ಮಾಡಿದರೆ ನಿನಗೆ ಅಳುಕೂ ಇರಲಿಲ್ಲ. “ಎರಡು ಸಂಬಂಧ ಬಂದಾಗ ಒಂದಕ್ಕ ಒಲ್ಲೆ ಅಂತ ಹೇಳಿ ಕಳಸೂದು ಹಿರ್ಯಾರ ಕೆಲಸ. ಇಲ್ಲಂದ್ರ ಹುಡುಗಿ ಮನಸ್ಸು ಹೊಯ್ದಾಡ್ತೈತಿ” ಅಂದೆ. ಕಾಲೇಜೇನು ಸಂಬಂಧವೇ? ಡೇಟನ್ನಿನವರೇನು ಬೀಗರೇ? ನಮ್ಮ ಮನೆಯವರು “ನಿಮ್ಮಣ್ಣ ಒಳ್ಳೇದಕ್ಕ ಮಾಡಿರ್ತಾನ ಬಿಡು” ಅಂದರು. ಅವರಿಗೂ ಅವತ್ತು ಸಿಗಬೇಕಾದದ್ದು ಸಿಕ್ಕಿತು.

ನಿನ್ನ ಆ ಮಾತು ನನ್ನಲ್ಲಿ ಹಳೆಯದೊಂದನ್ನು ಕೆದಕಿತು, ಅಣ್ಣಾ. ನನಗೂ ಎರಡು ಸಂಬಂಧ ಬಂದಿದ್ದವು. ಟಿಕೋಟಾದವರಿಗೆ ನೀನೇ ಒಲ್ಲೆ ಎಂದು ಹೇಳಿ ಬಂದೆ. ಬಂದವನು ಚಹಾ ಕುಡಿಯುತ್ತ ಅವ್ವನಿಗೆ ಸುದ್ದಿ ಹೇಳಿದೆ, ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಇವರ ಜೊತೆ ನಾನು ಸುಖವಾಗಿದ್ದೇನೆ, ಅದು ಬೇರೆ ಮಾತು. ಕೇಳಿದ್ದರೆ ಇವರನ್ನೇ ಆರಿಸಿಕೊಳ್ಳುತ್ತಿದ್ದೆನೋ ಏನೋ. ಆರಿಸಿಕೊಂಡೆ ಅನ್ನುವ ಮಾತು ನನ್ನ ಬಾಯಲ್ಲಿ ಬರದ ಹಾಗೆ ಮಾಡಿದೆಯಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಗಂಗಾ ಅಳಲಿಲ್ಲ. ಹೋದ ವರ್ಷ ಹೊನವಾಡದ ಬಸ್ಸು ಹತ್ತಿ ಹೋಗಿ, ಹಗ್ಗ ಬಿಟ್ಟು ಬಾವಿಗಳ ನೀರು ಅಳೆದು ಬರುತ್ತಿದ್ದಳಲ್ಲ. ಒಂದು ದ್ರಾಕ್ಷಿ ತೋಟದ ಬೋರಿನಲ್ಲಿ ನೀರಿದೆ, ಬದುವಿನ ಆಚೆಯದು ಒಣಗಿದೆ, ಯಾಕೆ ಎಂದು ನಿನ್ನನ್ನೇ ಮೊದಲು ಕೇಳಿದ್ದಳು. “ಅವರವರ ಹಣೇಬರಾ” ಅಂದಿದ್ದೆ. ಊರಿಗೆಲ್ಲ ಪಂಪು ಮಾರುವವನು! ಅದೇ ಪ್ರಶ್ನೆಯನ್ನು ಡೇಟನ್ನಿನ ಪ್ರಾಧ್ಯಾಪಕಿಗೆ ಕಳಿಸಿದಾಗ ಆಕೆ ಉತ್ತರ ಕೊಡಲಿಲ್ಲ, ಮರಳಿ ಹತ್ತಾರು ಪ್ರಶ್ನೆ ಕೇಳಿದಳು. ಅಲ್ಲಿನ ಕಲ್ಲು ಯಾವುದು, ಕೆರೆ ಎಷ್ಟು ದೂರ, ನಿನಗೇನು ಅನಿಸುತ್ತದೆ. ಅದನ್ನು ಓದುವಾಗ ಹುಡುಗಿಯ ಮುಖ ನೋಡಬೇಕಿತ್ತು ನೀನು.

ಆಕೆಗೇ ಗಂಗಾ ಇದ್ದದ್ದು ಇದ್ದ ಹಾಗೆ ಬರೆದಳು: ‘ಒಲ್ಲೆ ಅಂದವರು ನನ್ನ ತಾಯಿಯ ಅಣ್ಣ, ನಾನಲ್ಲ.’ ನನಗೆ ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ. ನಿನ್ನೆ ಉತ್ತರ ಬಂತು. ಸೀಟು ಉಳಿದಿದೆ. ಆದರೆ ಆಕೆಯ ಕೈಕೆಳಗೆ ಕೆಲಸ ಮಾಡುತ್ತ ಓದುವ ಜಾಗ ಒಂದೇ ಇತ್ತು, ಅದು ಬೇರೆ ಹುಡುಗನಿಗೆ ಹೋಗಿದೆ. ನೀನು ಒಂದು ಬೆರಳಿನಿಂದ ಕಳೆದದ್ದು ಅದನ್ನು.

ಆದರೂ ಅವಳು ಹೋಗುತ್ತಾಳೆ. ಡೇಟನ್ನಿಗೇ. ಆಗಸ್ಟಿನಲ್ಲಿ.

ಅವಳು ಹೊರಡುವ ದಿನ ನೀನು ಬರುವುದು ಬೇಡ ಎಂದು ನಾನು ಅಂದೆ. “ಇಲ್ಲವ್ವಾ, ಮಾಮಾ ಬರ್ಲಿ” ಅಂದಳು. ಅವಳು ನನ್ನಂತಲ್ಲ, ಸಿಟ್ಟನ್ನು ಕಾಪಿಡುವುದಿಲ್ಲ. ಬಾ. ಆದರೆ ಬಂದವನು ಬುದ್ಧಿ ಹೇಳಬೇಡ, ಚಿಕಾಗೊ ಹೆಸರು ಎತ್ತಬೇಡ. ಎಲ್ಲಿಗೆ ಹೊಂಟಿ ಎಂದು ಅವಳನ್ನು ಕೇಳು. ಏನು ಓದಾಕ ಹೊಂಟಿ ಎಂದು ಕೇಳು. ಅವಳು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಕೂತುಕೋ. ನಮ್ಮ ಮನೆತನದ ಒಬ್ಬ ಹೆಣ್ಣುಮಗಳನ್ನಾದರೂ ನೀನು ಕೇಳಿದ್ದು ನಾನು ಕಣ್ಣಾರೆ ನೋಡಬೇಕು.

ನಿನಗೆ ಆಶೀರ್ವಾದ ಮಾಡುವ ವಯಸ್ಸು ನನ್ನದಲ್ಲ. ಅವಳಿಗೆ ಮಾಡುವ ವಯಸ್ಸು ನಿನ್ನದು, ಮಾಡಿ ಹೋಗು.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ತಂಗಿ,
ವಿದ್ಯಾವತಿ